ಬೇಲಿ ದಾಟದ ಚೆಂಡು

ಲೊರೀನ್ ಫ್ರೀಜರಿನಿಂದ ಏನನ್ನೋ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಕೈಚೀಲದೊಳಗೆ ತುರುಕುತ್ತಿದ್ದಳು. ಬಾಗಿಲಲ್ಲಿ ಗಂಡನನ್ನು ಕಂಡು ಬೆಚ್ಚಿದಳು.

"ಏನದು?"

"ಐಸು. ಅತ್ತೂ ಅತ್ತೂ ಕಣ್ಣು ಊದ್ಕೊಂಡಿದೆ. ನೀನು ಮೊದ್ಲು ಟೈ ಕಟ್ಕೊ."

ಡೆಲ್ಮರ್ ಟೈ ಕಟ್ಟಿಕೊಂಡ. ಐಸು ಅಷ್ಟು ಗುಂಡಗೆ ಇರುತ್ತದೆಯೇ? ತನ್ನ ಅಣ್ಣನ ಮಣ್ಣಿನ ದಿನವೂ ಇವಳು ಸುಳ್ಳು ಹೇಳುತ್ತಿದ್ದಾಳೆ ಎನಿಸಿ ಅವನಿಗೆ ಕಸಿವಿಸಿಯಾಯಿತು. ದಾರಿಯುದ್ದಕ್ಕೂ ಅವನ ಕಣ್ಣು ಆ ಕೈಚೀಲದ ಮೇಲೆಯೇ ಇತ್ತು.

ಚರ್ಚಿನ ಹಜಾರದಲ್ಲಿ ಕೆಲ್ಬಿ ಮಿಲ್ಲರ್ಸ್ ಬೇಸ್‌ಬಾಲ್ ತಂಡದ ಅಳಿದುಳಿದವರು ಕಾಫಿ ಹಿಡಿದು ಕೂತಿದ್ದರು. ತಂಡ ಮುಚ್ಚಿ ನಲವತ್ತು ವರ್ಷವಾಗಿತ್ತು. ಮೈದಾನದ ಜಾಗದಲ್ಲಿ ಈಗ ಗೊಬ್ಬರದ ಗೋದಾಮು. ಲೊರೀನಳ ಅಣ್ಣ, ಸತ್ತ ಓರ್ವಿಲ್, ಒಂದು ದಿನವೂ ಆಡಿದವನಲ್ಲ. ತಂಡದ ಬಟ್ಟೆ ಒಗೆಯುತ್ತಿದ್ದ, ಪಂದ್ಯದಲ್ಲಿ ಅಂಪೈರಿಗೆ ಹೊಸ ಚೆಂಡು ತಂದುಕೊಡುತ್ತಿದ್ದ.

"ಎದುರು ತಂಡದವ್ರು ಬ್ಯಾಟ್ ಹಿಡಿದ್ರೆ ಸಾಕು, ಓರ್ವಿಲ್ ಐಸ್ ಡಬ್ಬಕ್ಕೆ ಕೈ ಹಾಕೋನು," ಎಂದ ಗಸ್, ತಂಡಕ್ಕೆ ಚೆಂಡೆಸೆಯುತ್ತಿದ್ದವನು. "ರಾತ್ರಿಯೆಲ್ಲ ಐಸಲ್ಲಿಟ್ಟ ಚೆಂಡು! ಎಂಥಾ ಪೈಲ್ವಾನ್ ಹೊಡೆದ್ರೂ ಬೇಲಿ ದಾಟ್ತಿರ್ಲಿಲ್ಲ."

ಎಲ್ಲರೂ ನಕ್ಕರು.

"ನಮ್ಮೋರಿಗೂ ಕೊಟ್ಟಿದ್ನಾ?" ಡೆಲ್ಮರ್ ಕೇಳಿದ.

ಗಸ್‌ನ ನಗು ನಿಂತಿತು. "ಇವತ್ತಾದ್ರೂ ಬಿಡೋ ಮಾರಾಯ," ಎಂದು, ಲೋಟ ತುಂಬಿಸುವ ನೆಪದಲ್ಲಿ ಎದ್ದುಹೋದ.

*

ನಲವತ್ತು ವರ್ಷದ ಹಿಂದೆ, ತಂಡದ ಕೊನೆಯ ಪಂದ್ಯ. ದೊಡ್ಡ ಲೀಗಿಗೆ ಆಟಗಾರರನ್ನು ಆರಿಸುವವನೊಬ್ಬ ಡೆಲ್ಮರನ ಬ್ಯಾಟಿಂಗ್ ನೋಡಲೆಂದೇ ಬಂದು ಕೂತಿದ್ದ. ಕೊನೆಯ ಎಸೆತಕ್ಕೆ ಮುಂಚೆ ಓರ್ವಿಲ್ ಓಡಿಬಂದು ಚೆಂಡು ಬದಲಾಯಿಸಿದ. ವಾಪಸು ಹೋಗುವಾಗ ಡೆಲ್ಮರನ ಮುಖ ನೋಡಲಿಲ್ಲ. ಡೆಲ್ಮರ್ ಮೈಯ ಬಲವೆಲ್ಲ ಹಾಕಿ ಹೊಡೆದ. ಬೇಲಿ ದಾಟಿತು, ಹೋಮ್ ರನ್ ಎಂದು ಜನ ಎದ್ದುನಿಂತರು. ಚೆಂಡು ನಡುಗಾಳಿಯಲ್ಲೇ ಸೋತು, ಬೇಲಿಯ ಬುಡದಲ್ಲಿ ಎದುರಾಳಿಯ ಕೈಗೆ ಬಿತ್ತು.

ಆ ಸಂಜೆ ಲೊರೀನ್ ಪೀಚ್ ಪೈ ತಂದಳು. "ಇಲ್ಲೇ ಇದ್ಬಿಡು," ಎಂದಳು.

ಇದ್ದ. ಅವಳನ್ನೇ ಮದುವೆಯಾದ, ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತ. ಆದರೆ ಅವಳ ಅಣ್ಣ ಓರ್ವಿಲ್‌ನ ಜೊತೆ ಮಾತ್ರ ಡೆಲ್ಮರ್ ಆಮೇಲೆ ಒಂದು ದಿನವೂ ನೆಟ್ಟಗೆ ಮಾತಾಡಲಿಲ್ಲ. ಕ್ರಿಸ್‌ಮಸ್‌ಗೆ ಬಂದ ಓರ್ವಿಲ್ ಬಾಗಿಲಲ್ಲೇ ಉಡುಗೊರೆ ಕೊಟ್ಟು ಹೋಗುತ್ತಿದ್ದ. ಒಳಗೆ ಬಾ ಎಂದು ಡೆಲ್ಮರ್ ಕರೆಯುತ್ತಿರಲಿಲ್ಲ.

*

ಶವಪೆಟ್ಟಿಗೆ ಮುಚ್ಚುವ ಮುಂಚೆ ಲೊರೀನ್ ಕೈಚೀಲ ತೆರೆದಳು. ಕರವಸ್ತ್ರದಿಂದ ಹಳೆಯ ಚೆಂಡೊಂದು ಹೊರಬಂತು. ಅಣ್ಣನ ಕೈಗಳ ನಡುವೆ ಅದನ್ನಿಟ್ಟಳು. ಹಿಂದೆ ಯಾರೋ ಮೂಗೊರೆಸಿಕೊಂಡರು.

ಡೆಲ್ಮರ್ ಮುಂದೆ ಬಾಗಿ ಚೆಂಡು ಮುಟ್ಟಿದ. ಬೆರಳು ಜುಮ್ಮೆಂದಿತು. ಮಂಜುಗಟ್ಟಿದ ಚೆಂಡು.

"ಹಾಗಾದ್ರೆ ಇವನೇ," ಎಂದ ಹಲ್ಲುಕಚ್ಚಿ. "ನಂಗೊತ್ತಿತ್ತು."

"ಅವನು ಒಲ್ಲೆ ಅಂದ. ನಾನೇ ಕಾಲು ಹಿಡ್ಕೊಂಡೆ," ಲೊರೀನ್ ಅವನತ್ತ ತಿರುಗದೆ ಹೇಳಿದಳು. "ನೀನು ಹೊರಟುಹೋಗ್ತಿದ್ದೆ ಡೆಲ್ಮರ್. ನನ್ ಹೆಸರು ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಸಾಯೋವರ್ಗೂ ಹೇಳ್ಲಿಲ್ಲ ನೋಡು."

ಡೆಲ್ಮರನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಕಣ್ಣ ಮುಂದೆ ಬಂದದ್ದು ಬೇಲಿಯಲ್ಲ. ಉಡುಗೊರೆ ಹಿಡಿದು, ತಲೆಯ ಮೇಲೆ ಹಿಮ ಬೀಳುತ್ತಿದ್ದರೂ ಹೊರಗೇ ನಿಂತ ಓರ್ವಿಲ್.

ಚೆಂಡಿನಿಂದ ನೀರು ಜಿನುಗಿ ಸತ್ತವನ ಕಪ್ಪು ಕೋಟಿನ ಮೇಲೆ ಹರಡುತ್ತಿತ್ತು. ಪೆಟ್ಟಿಗೆ ಮುಚ್ಚುವವನು ಹತ್ತಿರ ಬಂದ.

"ಮುಚ್ಚಲಾ ಸಾರ್?"

"ತಡಿಯಪ್ಪಾ. ಇದು ಬೆಚ್ಚಗಾಗ್ಲಿ."

ಡೆಲ್ಮರ್ ಎರಡೂ ಅಂಗೈಗಳಿಂದ ಚೆಂಡನ್ನೂ ಓರ್ವಿಲ್‌ನ ಕೈಗಳನ್ನೂ ಬಳಸಿ ಹಿಡಿದು ನಿಂತ. ಹಿಂದೆ ಜನ ಕಾಯುತ್ತಿದ್ದರು.