ಗೋಡೆ ಒಡೆದು ಬಂದ ಫ್ರಿಜ್ಜು

ಕುಷ್ಟಗಿ ಕಡೆಯ ತಾಯಪ್ಪ ಗೌಂಡಿ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ತಗಡಿನ ಸೂರಿನ ಒಂದೇ ಖೋಲಿ, ಅದೂ ಬಾಡಿಗೆಯದು. ಎದುರು ಮನೆಯ ಕಲ್ಲೇಶ ಚಿಕ್ಕದೊಂದು ಫ್ರಿಜ್ಜು ತಂದ ದಿನದಿಂದ ತಾಯಪ್ಪನಿಗೆ ಅನ್ನ ಸೇರಲಿಲ್ಲ. ದಸರಾ ಸೇಲಿನಲ್ಲಿ ತಾನೂ ಬೀರುವಿನಷ್ಟು ಅಗಲದ, ಜೋಡಿ ಬಾಗಿಲಿನ ಫ್ರಿಜ್ಜನ್ನೇ ತಂದ. ಅದು ಖೋಲಿಯ ಬಾಗಿಲಲ್ಲಿ ತೂರಲಿಲ್ಲ. ಬೇರೆಯವರಾಗಿದ್ದರೆ ವಾಪಸು ಕಳಿಸುತ್ತಿದ್ದರು. ಇವನು ಗೌಂಡಿಯಲ್ಲವೇ, ಗೋಡೆಯನ್ನೇ ಒಡೆದ. ಫ್ರಿಜ್ಜು ಒಳಗೆ ಹೋದ ಮೇಲೆ ಮತ್ತೆ ಇಟ್ಟಿಗೆ ಕಟ್ಟಿ, ಗಿಲಾವು ಮಾಡಿ, ಮೀಸೆ ತಿರುವಿದ.

ಫ್ರಿಜ್ಜು ಕೂತದ್ದು ಸರಿಯಾಗಿ ಹೆಂಡತಿ ಗದಿಗೆಮ್ಮನ ಒಲೆಯ ಜಾಗದಲ್ಲಿ. ಅಲ್ಲಿ ಕೂತೇ ಅವಳು ದಿನಾ ಜೋಳದ ರೊಟ್ಟಿ ಬಡಿದು ಕಂಪನಿ ಹುಡುಗರಿಗೆ ಮಾರುತ್ತಿದ್ದಳು.

"ನನ್ನ ಒಲಿ ಎಲ್ಲಿ ಇಡ್ಲಿರಿ?"

"ಹೊರಗ ಇಡು. ಫ್ರಿಜ್ಜಿಗೆ ಬಿಸಲ ತಾಗಬಾರದು. ನಿನಗ ತಾಗಿದ್ರ ಏನಾಕ್ಕೈತಿ?"

ಗದಿಗೆಮ್ಮ ಒಲೆಯನ್ನು ಅಂಗಳಕ್ಕೆ ಹೊತ್ತು ಹಾಕಿದಳು. ಫ್ರಿಜ್ಜಿನೊಳಗೆ ಇದ್ದದ್ದಾದರೂ ಏನು? ಎರಡು ಬಾಟಲಿ ನೀರು, ಅರ್ಧ ನಿಂಬೆಹಣ್ಣು, ಒಂದು ಕಟ್ಟು ಕರಿಬೇವು. ಕರಿಬೇವು ಕಾಲು ಚಾಚಿ ಮಲಗಿತ್ತು, ಗಂಡ ಹೆಂಡತಿ ಕಾಲು ಮಡಚಿ ಮಲಗಿದರು. ಮೂರನೆಯ ದಿನ ಮಳೆ ಬಂದು ಅಂಗಳದ ಒಲೆ ಆರಿತು, ನಾದಿದ ಹಿಟ್ಟು ಅಂಬಲಿಯಾಯಿತು.

"ನಾಳೆಯೂ ರೊಟ್ಟಿ ಇಲ್ಲದಿದ್ರೆ ಬೇರೆ ಕಡೆ ನೋಡಬೇಕಾಗ್ತದೆ ಅಕ್ಕಾ" ಎಂದು ಗಿರಾಕಿ ದಿನೇಶ ಹೇಳಿ ಹೋದ.

ಗದಿಗೆಮ್ಮ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ನೆಟ್ಟಗೆ ಕಲ್ಲೇಶನ ಹೆಂಡತಿ ಗಿರಿಜಾಬಾಯಿಯ ಹತ್ತಿರ ಹೋದಳು.

"ಗಿರಿಜಕ್ಕ, ನಮ್ಮ ಫ್ರಿಜ್ಜ ನೋಡಾಕ ಮಾತ್ರ ಬರಬ್ಯಾಡ್ರಿ. ಸುಮ್ನ ಹೊಟ್ಟಿ ಉರಕೋತೀರಿ. ನಿಮ್ಮಂಥವರ ಕೈಗೆ ನಿಲುಕೂದಲ್ಲ ಅದು."

ಸಂಜೆಯಾಗುವಷ್ಟರಲ್ಲಿ ಕಲ್ಲೇಶ ಅಂಗಡಿಯ ಬೆಲೆಗಿಂತ ಹೆಚ್ಚಿಗೆ ದುಡ್ಡು ಹಿಡಿದು, ಫ್ರಿಜ್ಜು ಕೊಡು ಎಂದು ಬಂದು ನಿಂತಿದ್ದ. ತಾಯಪ್ಪನ ಪ್ರೀತಿ ಅಲ್ಲೇ ಕರಗಿತು. ಗೋಡೆ ಮತ್ತೆ ಒಡೆಯಿತು. ಎದುರಿನ ಬಾಗಿಲೂ ಅಷ್ಟೇ ಕಿರಿದು. ಕಲ್ಲೇಶನ ಗೋಡೆಯನ್ನೂ ತಾಯಪ್ಪನೇ ಒಡೆದ, ಕೂಲಿ ಬೇರೆ ತೆಗೆದುಕೊಂಡ.

ಮರುದಿನ ಗೋಡೆ ಮುಚ್ಚಲು ಇಟ್ಟಿಗೆ ಹೊತ್ತು ಬಂದ ಗಂಡನಿಗೆ ಗದಿಗೆಮ್ಮ ಹೇಳಿದಳು: "ಅರ್ಧಾನ ಕಟ್ರಿ. ಹೊಗಿ ಹೋಗಾಕ ಕಿಟಕಿ ಆಕ್ಕೈತಿ."

ಅರ್ಧ ಕಟ್ಟಿದ ತಾಯಪ್ಪ, ಟೇಪು ತೆಗೆದು ಉಳಿದ ಕಿಂಡಿಯ ಅಗಲ ಅಳೆಯತೊಡಗಿದ. "ಬಟ್ಟಿ ಒಗಿಯೂ ಮಷೀನ್ ಇದರಾಗ ಆರಾಮ ಹೋಗತೈತಿ ನೋಡು."

ಗದಿಗೆಮ್ಮ ಒಲೆಯನ್ನು ಎಳೆದು ತಂದು ಕಿಂಡಿಯ ಕೆಳಗೇ ಹೂಡಿ, ಕಟ್ಟಿಗೆ ತುರುಕಿ, ಬೆಂಕಿ ಹಚ್ಚಿದಳು. ತಾಯಪ್ಪ ಕೆಮ್ಮುತ್ತ ಹಿಂದೆ ಸರಿದ.

"ಅಳೀರಲ್ಲ, ಯಾಕ ನಿಂತ್ರಿ?" ಅಂದವಳೇ ಮೊದಲ ರೊಟ್ಟಿ ಬಡಿಯತೊಡಗಿದಳು.