ನಾಲ್ಕನೆಯ ಕ್ಯಾಮೆರಾ

ಶಿರಸಿಯಲ್ಲಿ ಮದುವೆ ಜವಳಿ ಅಂದರೆ ಬಹಳ ಜನ ನೇರ ವಿಘ್ನೇಶ್ವರ ಹೆಗಡೆಯವರ ಅಂಗಡಿಗೇ ಬರುತ್ತಿದ್ದರು. ಅದಕ್ಕೆ ಅರ್ಧ ಕಾರಣ ಪ್ರತಿಭಾ. ಎಕ್ಕಂಬಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅವಳು ಹನ್ನೆರಡು ವರ್ಷದಿಂದ ರೇಷ್ಮೆ ಸೀರೆ ತೋರಿಸುತ್ತಿದ್ದಳು. ಗಿರಾಕಿ ಅನುಮಾನಿಸಿದರೆ ಸೀರೆಯನ್ನು ತನ್ನ ಹೆಗಲ ಮೇಲೇ ಹರಡಿ, ನೆರಿಗೆ ಹಿಡಿದು, ಸೆರಗು ಬಿಟ್ಟು ನಿಲ್ಲುವಳು. ಆಮೇಲೆ ಚೌಕಾಸಿಯ ಮಾತು ಬಿಟ್ಟರೆ ಬೇರೆ ಮಾತಿರುತ್ತಿರಲಿಲ್ಲ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವಳು ಎರಡು ತಿಂಗಳು ರಜೆ ಹಾಕಿದಳು. ಅಂಗಡಿಯಲ್ಲಿ ಹೇಳಿದ್ದು ಪಿತ್ತಕೋಶದಲ್ಲಿ ಕಲ್ಲು ಎಂದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೆಗೆದದ್ದು ಎಡ ಮೊಲೆಯನ್ನು. ಅದು ಗೊತ್ತಿದ್ದದ್ದು ಗಂಡ ಉಲ್ಲಾಸನಿಗೆ ಮತ್ತು ಯಲ್ಲಾಪುರದಲ್ಲಿದ್ದ ಅಕ್ಕ ಪಾರ್ವತವ್ವನಿಗೆ ಮಾತ್ರ. ಅಕ್ಕನೇ ಹಳೆಯ ವಾಯಿಲ್ ಸೀರೆ ಹರಿದು ಒಂದು ಮೆತ್ತೆ ಹೊಲಿದುಕೊಟ್ಟಳು. ಒಳಗೆ ಹತ್ತಿ, ತೂಕಕ್ಕೆ ಒಂದು ಹಿಡಿ ಸಾಸಿವೆ. ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಪ್ರತಿಭಾ ಕೆಲಸಕ್ಕೆ ಮರಳಿದಳು. ರೋಗಕ್ಕೆ ಅವಳು ಅಷ್ಟು ಹೆದರಿರಲಿಲ್ಲ. ಹೆದರಿದ್ದು ನಾಲ್ಕು ಜನ ಸೇರಿ ‘ಪಾಪ’ ಎನ್ನುವುದಕ್ಕೆ.

ಮಧ್ಯಾಹ್ನದ ಹೊತ್ತಿಗೆ ಮೆತ್ತೆ ಬೆವರಿಗೆ ನೆನೆದು ಜಾರುತ್ತಿತ್ತು. ಅಂಗಡಿಯ ಬಚ್ಚಲಿನ ಚಿಲಕ ಮುರಿದು ವರ್ಷವಾಗಿತ್ತು. ಹಾಗಾಗಿ ಮಹಡಿಯ ಗೋದಾಮಿಗೆ ಹತ್ತಿ, ಬಟ್ಟೆಯ ಗಂಟುಗಳ ಮರೆಯಲ್ಲಿ ನಿಂತು, ತೆಗೆದು, ಒರೆಸಿ, ಮತ್ತೆ ಇಟ್ಟುಕೊಂಡು ಇಳಿಯುವಳು. ಎರಡು ನಿಮಿಷದ ಕೆಲಸ.

ಮರುವರ್ಷ ಹೆಗಡೆಯವರು ಅಂಗಡಿಗೆ ನಾಲ್ಕು ಕ್ಯಾಮೆರಾ ಹಾಕಿಸಿದರು. ಕೆಳಗಿನ ಮೂರನ್ನು ಕೈ ತೋರಿಸಿ, “ಇದು ಗಿರಾಕಿಗಳ ಮೇಲೆ ಕಣ್ಣಿಡಲಿಕ್ಕೆ, ನಿಮಗಲ್ಲ” ಎಂದರು. ನಾಲ್ಕನೆಯದನ್ನು ಒಂದು ರಜೆಯ ದಿನ ಗೋದಾಮಿನ ಮೂಲೆಯಲ್ಲಿ ಕೂರಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ತುಳಸಿ ಲಗ್ನ ಮುಗಿದ ವಾರ ಒಂದು ಧರ್ಮಾವರಂ ಸೀರೆ ಕಾಣೆಯಾಯಿತು. ಆ ದಿನ ಗೋದಾಮಿಗೆ ಹತ್ತಿದವರು ಮೂವರು: ಪ್ರತಿಭಾ, ಅವಳ ಜೊತೆ ಸೀರೆ ತೋರಿಸುವ ರಾಜೀವಿ, ಹಳೆಯ ಸೇಲ್ಸ್‌ಮನ್ ವೀರಪ್ಪ. ಬೆಳಿಗ್ಗೆ ಗಿರಾಕಿ ಬರುವ ಮುಂಚೆ ಹೆಗಡೆಯವರು ಮೂವರನ್ನೂ ಗಲ್ಲೆಯ ಹತ್ತಿರ ಕರೆದು ಟಿವಿ ಹಾಕಿದರು.

“ಯಾರ ಮೇಲೂ ಸುಮ್ಮನೆ ಅನುಮಾನ ಬೇಡ. ಎಲ್ಲರ ಎದುರೇ ನೋಡುವಾ.”

ಪರದೆಯಲ್ಲಿ ಗೋದಾಮು ಕಾಣಿಸಿತು. ಮೊದಲು ವೀರಪ್ಪ ಬಂದು ಒಂದು ಗಂಟು ಹೊತ್ತುಕೊಂಡು ಹೋದ. ಆಮೇಲೆ ಬಾಗಿಲು ತೆರೆದು ಪ್ರತಿಭಾ ಒಳಗೆ ಬಂದಳು. ಅಲ್ಲಿ ತನ್ನನ್ನೇ ಕಂಡ ಕೂಡಲೇ ಅವಳು ಗಲ್ಲೆಯತ್ತ ಒಂದು ಹೆಜ್ಜೆ ಇಟ್ಟಳು.

“ಹೆಗಡೇರೇ, ಅದನ್ನ ಬಂದ್ ಮಾಡ್ರಿ.”

“ಎಂತಕ್ಕೆ?”

“ನಾ ಕದ್ದಿಲ್ಲರಿ. ನಿಮ್ಮ ಕಾಲಿಗೆ ಬೀಳ್ತೇನಿ, ಬಂದ್ ಮಾಡ್ರಿ.”

ಹೆಗಡೆಯವರ ಮುಖ ಗಟ್ಟಿಯಾಯಿತು. “ಕದಿಯದೇ ಇದ್ದವರಿಗೆ ಎಂತ ಹೆದರಿಕೆ?”

ಅವಳು ಬೇಡಿಕೊಂಡದ್ದರಿಂದಲೇ ಅವರ ಅನುಮಾನ ಬಲವಾಯಿತು. ರಿಮೋಟಿನ ಮೇಲಿದ್ದ ಕೈ ಅಲ್ಲಾಡಲಿಲ್ಲ. ಪರದೆಯ ಪ್ರತಿಭಾ ಸೆರಗು ಸರಿಸಿದಳು, ಗುಂಡಿ ಬಿಚ್ಚಿದಳು, ಒಳಗಿನಿಂದ ಏನನ್ನೋ ತೆಗೆದಳು. ಸೀರೆಯೇ ಇರಬೇಕೆಂದು ಹೆಗಡೆಯವರು ಮುಂದಕ್ಕೆ ಬಾಗಿದರು. ಅವಳು ಮೆತ್ತೆಯನ್ನು ಗಂಟಿನ ಮೇಲಿಟ್ಟು, ಸಪಾಟಾದ ಎಡಭಾಗವನ್ನು, ಹೊಲಿಗೆಯ ಗೆರೆಯನ್ನು, ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿಕೊಂಡಳು.

ವೀರಪ್ಪ ಮುಖ ತಿರುಗಿಸಿದ, ನೋಡಿಯಾದ ಮೇಲೆ. “ಅಯ್ಯೋ ಪಾಪ” ಎಂದಳು ರಾಜೀವಿ. ಹೆಗಡೆಯವರಿಗೆ ಗಡಿಬಿಡಿಯಲ್ಲಿ ರಿಮೋಟಿನ ಗುಂಡಿ ಸಿಗಲಿಲ್ಲ. ಸಿಗುವ ಹೊತ್ತಿಗೆ ಪರದೆಯಲ್ಲಿ ಪ್ರತಿಭಾ ಎಲ್ಲ ಸರಿಮಾಡಿಕೊಂಡು ಇಳಿದುಹೋಗಿದ್ದಳು.

“ಆಯ್ತಲ್ಲ, ನೀನು ಕದ್ದಿಲ್ಲ ಅಂತ ಗೊತ್ತಾಯ್ತಲ್ಲ” ಎಂದರು.

ಸೀರೆಯನ್ನು ಯಾರೂ ಕದ್ದಿರಲಿಲ್ಲ. ಸಿದ್ದಾಪುರದ ಒಂದು ಅಂಗಡಿಗೆ ಕಳಿಸಿದ ಗಂಟಿನಲ್ಲಿ ತಪ್ಪಿ ಸೇರಿಹೋಗಿತ್ತು. ಅಂದು ಸಂಜೆಯೇ ಅಲ್ಲಿಂದ ಫೋನ್ ಬಂತು.

ಮರುದಿನದಿಂದ ಎಲ್ಲರೂ ಒಳ್ಳೆಯವರಾದರು. ಅವಳು ಎತ್ತುವ ಗಂಟನ್ನು ರಾಜೀವಿ ಕಸಿದುಕೊಳ್ಳುವಳು. ದಿನಕ್ಕೆರಡು ಚೇಷ್ಟೆ ಮಾಡದೆ ಬಿಡದ ವೀರಪ್ಪ ಈಗ ನೆಲ ನೋಡಿಕೊಂಡು ಮಾತಾಡುವನು. ಹೆಗಡೆಯವರ ಹೆಂಡತಿ ಮೂಸಂಬಿ ಕಳಿಸಿದರು. ಬಚ್ಚಲಿಗೆ ಹೊಸ ಚಿಲಕ ಬಂತು. ಮೂರನೇ ದಿನ, ಒಬ್ಬ ಮದುಮಗಳ ಮುಂದೆ ಅವಳು ಸೀರೆಯನ್ನು ಹೆಗಲಿಗೆ ಹಾಕಿಕೊಳ್ಳಲು ಹೋದಾಗ ಹೆಗಡೆಯವರು ಗಲ್ಲೆಯಿಂದಲೇ ಕರೆದರು.

“ರಾಜೀವಿ ತೋರಿಸ್ತಾಳೆ ಬಿಡು. ನಿಂಗೆ ಆಯಾಸ ಆಗ್ತದೆ.”

ಆಯಾಸದ ಮಾತಲ್ಲ ಅದು ಎಂದು ಅವಳಿಗೆ ತಿಳಿಯಿತು. ಮಧ್ಯಾಹ್ನ ಗಲ್ಲೆಯ ಹತ್ತಿರ ಹೋಗಿ ನಿಂತಳು.

“ಅದನ್ನ ಅಳಿಸಿಬಿಡ್ರಿ.”

“ಹದಿನೈದು ದಿನಕ್ಕೆ ತಾನೇ ಅಳಿಸಿಹೋಗ್ತದೆ. ನಾವೇನು ಇಟ್ಟುಕೊಂಡು ಕೂತಿದ್ದೇವಾ?” ಹೆಗಡೆಯವರಿಗೆ ನಿಜವಾಗಿಯೂ ಬೇಸರವಾಗಿತ್ತು. “ನಿಂಗೆ ಎಂತ ಅನ್ಯಾಯ ಆಯ್ತು ಹೇಳು. ಕಳ್ಳಿ ಅಂತ ಒಬ್ಬರಾದ್ರೂ ಹೇಳಿದ್ರಾ?”

“ಕಳ್ಳಿ ಅಂದಿದ್ರ ಚಲೋ ಇತ್ತರಿ. ಸುಳ್ಳು ಅಂತ ಜಗಳಾ ಆಡ್ತಿದ್ದೆ. ಈಗ ಏನಂತ ಆಡ್ಲಿ?”

ಹೆಗಡೆಯವರು ಲೆಕ್ಕದ ಪುಸ್ತಕ ಎಳೆದುಕೊಂಡರು. ತಿಂಗಳ ಕೊನೆಗೆ ಅವಳು ಕೆಲಸ ಬಿಟ್ಟಳು. ಕ್ಯಾಮೆರಾ ಅಲ್ಲೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಪಾರ್ವತವ್ವ ಯಲ್ಲಾಪುರದ ಜವಳಿ ಅಂಗಡಿಯೊಂದರಲ್ಲಿ ಜಾಗ ಖಾಲಿಯಿದೆ ಎಂದು ಹೇಳಿಕಳಿಸಿದಳು. ಅಕ್ಕನ ಮನೆಯಲ್ಲಿದ್ದುಕೊಂಡು, ವಾರಕ್ಕೊಮ್ಮೆ ಊರಿಗೆ ಹೋಗಿಬರಬಹುದು. ಪ್ರತಿಭಾ ತನ್ನಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಹೋದಳು. ಅಲ್ಲಿನ ಮಾಲೀಕರು ವಯಸ್ಸಾದವರು, ಮೃದು ಮಾತಿನವರು. ಹಳೆಯ ಅಂಗಡಿ ಯಾಕೆ ಬಿಟ್ಟಿರೆಂದು ಕೇಳಲೇ ಇಲ್ಲ. ಅವಳಿಗೆ ಸಮಾಧಾನವಾಯಿತು.

“ರೇಷ್ಮೆ ಸೀರೆದು ಮಾಡ್ತೇನಿ. ಹನ್ನೆರಡು ವರ್ಷ ಅದನ್ನೇ ಮಾಡೀನಿ” ಎಂದಳು.

“ಬೇಡಮ್ಮ” ಎಂದರು ಅವರು, ಮೇಜಿನ ಕಡೆ ನೋಡುತ್ತ. “ಶಿರಸಿ ಕಡೆಯಿಂದ ಎಲ್ಲಾ ಗೊತ್ತಾಗಿದೆ ನಮಗೆ. ನಿಂತು ಮಾಡೋ ಕೆಲಸ ಕೊಡೋದಿಲ್ಲ. ಒಳಗೆ ಕೂತು ಫಾಲ್ ಹೊಲಿದುಕೊಂಡಿರಿ. ಅಲ್ಲಿ ಯಾರೂ ಬರೋದಿಲ್ಲ.”

ಹೊರಗೆ ಬಂದಾಗ ಅಕ್ಕ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಏನಂದರು ಎಂದು ಕೇಳಿದಳು.

“ನಾಳೆಯಿಂದ ಬಾ ಅಂದ್ರು” ಎಂದಳು ಪ್ರತಿಭಾ.