ಪುಟ್ಟಿಯ ಕೈಗುಣ

ಸದ್ದು ನಿಂತಿದೆ, ಹುಳದ ಮನೆಯೊಳಗೆ ಬೆಳಗಿನಿಂದ ಸೊಪ್ಪು ಕಡಿಯುತ್ತಿದ್ದ ಆ ಪರಪರ ಸದ್ದು ತಗ್ಗುತ್ತ ತಗ್ಗುತ್ತ ಈಗ ಇಲ್ಲವೇ ಇಲ್ಲ, ಅಂದರೆ ರೇಷ್ಮೆಹುಳ ಹಣ್ಣಾದವು, ಇನ್ನು ಅವು ತಿನ್ನುವುದಿಲ್ಲ, ತಲೆ ಎತ್ತಿ ಅತ್ತ ಇತ್ತ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತವೆ, ಇದನ್ನು ಪುಟ್ಟಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹೊಂಗನೂರಿನಲ್ಲಿ ಹುಟ್ಟಿದ ಕತ್ತೆಗೂ ಗೊತ್ತಿರುವ ವಿಷಯ — ಆದರೂ ಹೊಂಗನೂರಿನಲ್ಲೇ ಹುಟ್ಟಿದ ಪುಟ್ಟಿ ಜಗಲಿಯ ಮೇಲೆ ನೆಂಟರ ಹಾಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಕೈಯಲ್ಲಿ ಆರಿದ ಕಾಫಿ, ಒಳಗೆ ಬೀದಿಯ ಹೆಂಗಸರೆಲ್ಲ ಸೇರಿ ಹಣ್ಣು ಹುಳ ಆಯುತ್ತಿದ್ದಾರೆ. ನೀನು ಒಳಿಕ್ಕೆ ಬರ್ಬ್ಯಾಡ ಕಣವ್ವ, ಸೆಂಟು ಗಿಂಟು ಹಾಕಿರ್ತೀಯ, ಹುಳಕ್ಕೆ ಆಗಕಿಲ್ಲ, ಅಂದಳು ಅವ್ವ, ಬಾಗಿಲಿಗೆ ಅಡ್ಡ ನಿಂತು, ಎಷ್ಟು ಮೆತ್ತಗೆ ಅಂದಳೆಂದರೆ ಬೈದಿದ್ದರೇ ವಾಸಿಯಿತ್ತು.

ಸೆಂಟಂತೆ. ಬ್ಯಾಂಕಾಕಿನಿಂದ ಬಂದ ದಿನದಿಂದ ಸೀಗೇಪುಡಿ ಬಿಟ್ಟು ಇನ್ನೊಂದು ಮೈಗೆ ಮುಟ್ಟಿಸಿಲ್ಲ, ಕಲಸಿಕೊಟ್ಟವಳೇ ಅವ್ವ, ಅವಳಿಗೆ ಗೊತ್ತಿಲ್ಲವೇ, ನಿಜವಾದ ಕಾರಣ ಇರುವುದು ದೇವರಾಜನ ಫೋನಿನಲ್ಲಿ, ಚಿಕ್ಕಪ್ಪನ ಮಗ ದೇವರಾಜು, ಮೂರು ಹೊತ್ತೂ ಊರವರ ಸ್ಟೇಟಸ್ ನೋಡುವುದೇ ಉದ್ಯೋಗ ಮಾಡಿಕೊಂಡ ಮಹಾಪುರುಷ, ಹೋದ ತಿಂಗಳು ಮನೆ ಮನೆಗೆ ಹೊತ್ತು ತಿರುಗಿದ್ದಾನೆ, ದೊಡ್ಡವ್ವ, ಒಸಿ ನೋಡಿಲ್ಲಿ, ಪುಟ್ಟಕ್ಕ ಅಲ್ಲಿ ನಮ್ ಹುಳಾನೇ ಹುರ್ಕೊಂಡು ತಿಂತಾವ್ಳೆ. ಅಪ್ಪ ಮರಿಯಪ್ಪ ನೋಡಿ, ಆ ದೇಸದಲ್ಲಿ ತಿನ್ನಾಕೆ ಇನ್ನೇನೂ ಸಿಗನಿಲ್ವಾ, ಅಂದನಂತೆ, ಅದೇ ಹೊತ್ತಿಗೆ ಎರಡು ತಟ್ಟೆ ಹುಳಕ್ಕೆ ರೋಗ ತಗುಲಿತಂತೆ, ಸರಿ, ಇನ್ನೇನು ಬೇಕು ಊರಿಗೆ, ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಬ್ಯಾಂಕಾಕಿನಲ್ಲಿ ಪುಟ್ಟಿ ಬಾಯಿ ಆಡಿಸಿದ್ದಕ್ಕೆ ಹೊಂಗನೂರಿನಲ್ಲಿ ಹುಳ ಸತ್ತವು, ವಾಹ್. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ — ಈ ಗೂಡನ್ನೆಲ್ಲ ಮೂಟೆ ಕಟ್ಟಿ ರಾಮನಗರದ ಮಾರ್ಕೆಟ್ಟಿಗೆ ಹಾಕುವವರು ಯಾರು, ಅಲ್ಲಿಂದ ಅವು ಎಲ್ಲಿಗೆ ಹೋಗುತ್ತವೆ, ಕಾಶಿಗಾ, ಕುದಿಯುವ ನೀರಿಗೆ ಹೋಗುತ್ತವೆ, ಒಳಗೆ ಜೀವ ಇರುವಾಗಲೇ, ನೂಲು ಬಿಚ್ಚಿಕೊಂಡ ಮೇಲೆ ಬೆಂದ ಹುಳ ಮೀನಿನ ಮೇವಿಗೆ, ಆ ಮೀನು ಅಪ್ಪನ ಭಾನುವಾರದ ಸಾರಿಗೆ, ಅಲ್ಲಿಯವರೆಗೂ ಪಾಪ ಇಲ್ಲ, ಪುಟ್ಟಿಯ ಬಾಯಿಗೆ ಬಂದಾಗ ಮಾತ್ರ ಪಾಪ. ಇದನ್ನು ಎದ್ದು ನಿಂತು ಎಲ್ಲರ ಮುಖಕ್ಕೆ ಹೊಡೆದಂತೆ ಹೇಳಬೇಕು ಅಂತ ಎರಡು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದಾಳೆ, ಇನ್ನೂ ಹೇಳಿಲ್ಲ, ನಾಳೆ ವಿಮಾನ.

ಅಲ್ಲಿರುವವರು ಮಾತ್ರ ಏನು ಘನಂದಾರಿಗಳು. ಬ್ಯಾಂಕಾಕಿನ ಕನ್ನಡ ಕೂಟದ ಆ ಮೈಸೂರಿನ ಆಂಟಿ, ಇಪ್ಪತ್ತೆರಡನೇ ಮಹಡಿಯಲ್ಲಿ ವಾಸ, ಕೆಳಗೆ ಈಜುಕೊಳ, ಬಂದು ಇಷ್ಟು ವರ್ಷವಾದರೂ ಮಾಂಸ ಬೇಡ ಅನ್ನುವುದೊಂದು ಬಿಟ್ಟರೆ ಥಾಯ್ ಮಾತು ಬಾರದು, ಪರ್ಸಿನಲ್ಲಿ ಚಟ್ನಿಪುಡಿ ಡಬ್ಬಿ, ಇಲ್ಲಿ ಗಾಳಿಗೂ ಮೀನಿನ ವಾಸನೆ ಅಲ್ವೇನ್ರೀ, ನೀವು ರಾಮನಗರದ ಕಡೆಯವರಾ, ನಿಮಗೆ ಅಷ್ಟು ತೊಂದರೆ ಆಗಲಿಕ್ಕಿಲ್ಲ ಬಿಡಿ, ಅಂದಳು ನಗುತ್ತ, ಆ ನಗು ಪುಟ್ಟಿಯ ಎದೆಯಲ್ಲಿ ಇವತ್ತಿಗೂ ಮುಳ್ಳಿನ ಹಾಗೆ ಇದೆ, ಹಾರೋಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ತಪ್ಪು ಹಿಡಿಯುತ್ತಿದ್ದವಳು ಬ್ಯಾಂಕಾಕಿಗೂ ಹೋಗಿ ಹೊಲಿಗೆ ತಪ್ಪನ್ನೇ ಹಿಡಿಯುತ್ತಾಳೆ, ಅವಳಿಗೆ ಈಜುಕೊಳವಿಲ್ಲ, ಕಿಟಕಿ ತೆರೆದರೆ ಎದುರು ಮನೆಯ ಎಸಿಯ ಬಿಸಿ, ಮೂರು ತಿಂಗಳಿಗೊಮ್ಮೆ ಸರ್ಕಾರಿ ಕಚೇರಿಗೆ ಹೋಗಿ ನಾನಿನ್ನೂ ಇಲ್ಲೇ ಇದ್ದೇನೆ ಸ್ವಾಮಿ ಅಂತ ಹೇಳಿ ಬರಬೇಕು, ಎಲ್ಲೇ ಇದ್ದರೂ ಯಾರಿಗಾದರೂ ಒಬ್ಬರಿಗೆ ಹೇಳಿಯೇ ಇರಬೇಕು. ಆಫೀಸಿನಲ್ಲಿ ಮಾತ್ರ ಅಲ್ಲಿನ ಜನಕ್ಕೆಲ್ಲ ಒಂದೊಂದು ಮುದ್ದಿನ ಹೆಸರು, ನಿನ್ನದೇನು ಅಂದರು, ಪುಟ್ಟಿ ಅಂದಳು, ಅಲ್ಲೂ ಪುಟ್ಟಿಯೇ ಆದಳು, ಆವತ್ತು ಒಂದಿಷ್ಟು ಖುಷಿಯಾಗಿತ್ತು.

ಹೋದ ತಿಂಗಳು ಒಂದು ಸಂಜೆ ಮೆಟ್ರೋ ರೈಲು ನಿಲ್ದಾಣದ ಕೆಳಗೆ, ತಳ್ಳುಗಾಡಿ, ದೀಪದ ಕೆಳಗೆ ರಾಶಿ ರಾಶಿ ಹುರಿದ ಹುಳ, ಮೇಲ್ವಿಚಾರಕಿ ನೋಯ್ ಒಂದು ಪೊಟ್ಟಣ ಹಿಡಿದು, ಇಂಡಿಯಾದವರು ಇದನ್ನು ಮುಟ್ಟಲ್ಲ, ಓಡಿಹೋಗ್ತಾರೆ, ಅಂದಳು, ಎಲ್ಲ ನಕ್ಕರು. ಪುಟ್ಟಿ ಹೇಳಬಹುದಿತ್ತು, ಇದು ನಮ್ಮ ಮನೆಯ ಹುಳ, ಇದಿರುವ ಕಡೆ ನಾವು ಚಪ್ಪಲಿ ಹಾಕಲ್ಲ, ಇದು ಪೊರೆ ಬಿಡುವ ಜ್ವರಕ್ಕೆ ಮಲಗಿದರೆ ನಮ್ಮವ್ವ ಜೋರಾಗಿ ಮಾತಾಡಲ್ಲ — ಹೇಳಲಿಲ್ಲ, ಹೇಳಿದರೆ ತಾನೂ ಇನ್ನೊಬ್ಬ ಚಟ್ನಿಪುಡಿ ಆಂಟಿ ಆಗಿಬಿಡುತ್ತೇನಲ್ಲ ಅನ್ನಿಸಿತು, ಹೆಬ್ಬೆರಳು ತೋರುಬೆರಳಲ್ಲಿ ಒಂದನ್ನು ಎತ್ತಿದಳು, ಹಲ್ಲಿನಡಿ ಪಟ್ ಅಂತು, ಒಳಗಿನದು ನಾಲಗೆಗೆ ಬಂತು, ರಾಮನಗರದಲ್ಲಿ ನೂಲು ತೆಗೆಯುವ ಬೀದಿಯ ವಾಸನೆ, ಅದೇ, ಸ್ವಲ್ಪವೂ ಬೇರೆಯಲ್ಲ, ನೋಯ್ ಫೋನು ಹಿಡಿದಿದ್ದಳು, ಪುಟ್ಟಿ ಕ್ಯಾಮೆರಾ ನೋಡಿ ನಕ್ಕಳು, ಇನ್ನೂ ಎರಡು ತಿಂದಳು. ಮನೆಗೆ ಬಂದು ತಾನೇ ಸ್ಟೇಟಸ್ಸಿಗೆ ಹಾಕಿದಳು, ಆಂಟಿ ನೋಡಿ ವಾಂತಿ ಮಾಡಿಕೊಳ್ಳಲಿ ಅಂತ, ಆಂಟಿ ನೋಡಲೇ ಇಲ್ಲ, ನೋಡಿದ್ದು ದೇವರಾಜು. ಇಷ್ಟು ದಡ್ಡತನ ಮಾಡಲು ವಿಮಾನ ಹತ್ತಿ ಅಷ್ಟು ದೂರ ಹೋಗಬೇಕಾಗಿತ್ತೇ.

ಈಗ ಹೆಂಗಸರು ಹುಳ ಹೊತ್ತು ಹೊರಗೆ ಬರುತ್ತಿದ್ದಾರೆ, ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಅಂಗಳದ ಗೋಡೆಗೆ ಒರಗಿಸಿದ್ದಾರೆ, ಅದೇ ಬಿದಿರಿನವು, ಸುರುಳಿ ಸುರುಳಿ, ಮೊದಲ ಹಣ್ಣು ಹುಳವನ್ನು ಅದರ ಮೇಲೆ ಮನೆಮಗಳು ಬಿಡಬೇಕು, ಪುಟ್ಟಿ ಲಂಗ ಹಾಕುವ ಕಾಲದಿಂದಲೂ ಪುಟ್ಟಿಯೇ ಬಿಡುತ್ತಿದ್ದುದು, ನನ್ ಮಗಳ ಕೈಗುಣ ಅಂಥಾದ್ದು ಕಣ್ರವ್ವ, ಗೂಡು ಕಲ್ಲಂಗೆ ಗಟ್ಟಿಯಾಯ್ತವೆ, ಅನ್ನುತ್ತಿದ್ದಳು ಅವ್ವ, ಹೈಸ್ಕೂಲಿಗೆ ಬಂದ ಮೇಲೆ ಪುಟ್ಟಿಗೆ ನಗು ಬರುತ್ತಿತ್ತು, ಕೈಗುಣವಂತೆ, ಸೊಪ್ಪು ಚೆನ್ನಾಗಿದ್ದರೆ ಯಾರ ಕೈಯಾದರೇನು. ಹಾಜಿರಾ, ಮೊದಲ್ನೇದು ನೀನೇ ಬುಡು, ಅಂದಳು ಅವ್ವ ಪಕ್ಕದ ಮನೆಯ ಹಾಜಿರಾಗೆ, ಹಾಜಿರಾ ಜಗಲಿಯತ್ತ ನೋಡಿ, ಪುಟ್ಟಿ ಬಂದೈತಲ್ಲ ಸಿದ್ದಮ್ಮಕ್ಕ, ಅದೇ ಬುಡ್ಲಿ, ಅಂದಳು. ಇರ್ಲಿ ಬುಡು, ಅದಕ್ಕೆ ಓಡಾಡಿ ಸುಸ್ತಾಗೈತೆ, ಅಂದಳು ಅವ್ವ. ಹಾಜಿರಾ ಬಿಟ್ಟಳು. ನಂಬದ ಕೈಗುಣ ಕೈಬಿಟ್ಟು ಹೋದರೆ ಪುಟ್ಟಿಗೆ ಇಷ್ಟು ಉರಿಯಬೇಕೇ, ಒಂದು ಸಲ ಬಾ ಅಂದಿದ್ದರೆ, ಒಂದೇ ಸಲ, ನಾಳೆ ಹೇಗೂ ಹೊರಡುವವಳು, ಥೂ, ಯಾರಿಗೆ ಬೇಕು ಇವರ ಹುಳ, ನೋಯ್‌ಗೆ ಏನೆಂದು ಹೇಳುವುದು, ನನ್ನ ಮನೆಯಲ್ಲಿ ನನ್ನನ್ನು ಹೊರಗೆ ಕೂರಿಸಿದರು ಅಂತಲೇ, ದೇವರಾಜು ತಟ್ಟೆ ಹೊತ್ತು ಪಕ್ಕದಲ್ಲೇ ಹೋದ, ಎಂದಿನ ಹಾಗೆ ನೆಲ ನೋಡದೆ, ಎಡವಿದ, ತಟ್ಟೆ ವಾಲಿತು, ಒಂದು ಹುಳ ಜಗಲಿಯ ಮೇಲೆ ಬಿತ್ತು, ಅವಳ ಕೈಯ ಪಕ್ಕದಲ್ಲೇ.

ಅವ್ವ ಅಲ್ಲಿಂದ ನೋಡಿದಳು. ಎಲ್ಲರೂ ನೋಡಿದರು. ಎತ್ಕೊಂಡ್ ಬಾರವ್ವ ಪುಟ್ಟಿ, ನೀನೇ ಬುಡು ಅದನ್ನ, ಅಂದಳು ಅವ್ವ, ಹಳೆಯ ದನಿಯಲ್ಲೇ, ಸೆಂಟಿನ ಮಾತಿಲ್ಲ, ಇದಕ್ಕೇ ತಾನೇ ಬೆಳಗಿನಿಂದ ಕಾದದ್ದು, ಕಾಫಿ ಲೋಟ ಕೆಳಗಿಟ್ಟಳು, ಕೈ ಚಾಚಿದಳು, ಹೆಬ್ಬೆರಳು, ತೋರುಬೆರಳು — ಅವತ್ತೂ ಇವೇ ಬೆರಳು, ಪಟ್ ಅಂತು ಹಲ್ಲಿನಡಿ — ಕೈ ನಿಂತಿತು, ಏಳು ಪುಟ್ಟಿ, ಎತ್ತು, ಇದೆಲ್ಲ ಇವರ ಮೂಢತನ, ನೀನು ನಂಬುವವಳಲ್ಲ, ಬರೀ ಹುಳ, ಇನ್ನೊಂದು ವಾರಕ್ಕೆ ಕುದಿಯುವ ನೀರಿಗೆ ಹೋಗುವ ಹುಳ, ಏನವ್ವ ನೋಡ್ತಾ ಕುಂತೆ, ಎತ್ಕೊಳವ್ವ, ಅವ್ವ ಕರೆಯುತ್ತಿದ್ದಾಳೆ, ಬೆರಳು ಮುಂದೆ ಹೋಗುತ್ತಿಲ್ಲ, ಮೈಯೆಲ್ಲ ಹೊಳೆಯುವ ಹುಳ, ಬಾಯಲ್ಲಿ ಆಗಲೇ ಒಂದು ಎಳೆ ನೂಲು, ಮುಟ್ಟದೆ ನಿಂತ ಎರಡು ಬೆರಳಿನ ನಡುವೆ ತಲೆ ಎತ್ತಿ, ಅತ್ತ, ಇತ್ತ, ತಲೆ ಎತ್ತಿ, ಅತ್ತ, ಇತ್ತ.